ಜೊತೆಗಾರರ ಸಂಘಕ್ಕೊಂದು ಲೋಗೋ

ಬಾಯಿ ತುಂಬ ಪೇಸ್ಟಿನ ನೊರೆ ಇರುವಾಗ ಅತ್ತೆಯ ಫೋನು ಬಂದರೆ ಯಾವ ಅಳಿಯ ತಾನೇ ಏನು ಹೇಳಿಯಾನು? ನಮ್ಮ ಡಿಸೈನರ್ "ಹೂಂ" ಎಂದ. "ಸರಿ ಹಾಗಾದ್ರೆ, ತಿಂಡಿ ಮುಗಿಸ್ಕೊಂಡು ಬಂದ್ಬಿಡಿ" ಎಂದು ಆ ಕಡೆ ಫೋನು ಇಟ್ಟಾಯಿತು. ತಾನು ಒಪ್ಪಿಕೊಂಡದ್ದು ಏನನ್ನು ಎಂದು ಅವನು ಬಾಯಿ ತೊಳೆದುಕೊಂಡು ಬಂದು ಹೆಂಡತಿಯನ್ನು ಕೇಳಬೇಕಾಯಿತು.

"ಅಮ್ಮನ ಸಂಘಕ್ಕೆ ಲೋಗೋ ಬೇಕಂತೆ. ಇವತ್ತೇ ಆಗ್ಬೇಕಂತೆ," ಎಂದಳು ಅವಳು. "ಅಲ್ಲಿ ಹೋಗಿ ಯಾರ ಹತ್ರನೂ ವಾದ ಮಾಡ್ಬೇಡಿ, ಅಷ್ಟೇ."

ವಾದ ಮಾಡುವ ಜಾಯಮಾನವೇ ಅವನದಲ್ಲ. ಅದರಲ್ಲೂ ಅತ್ತೆಯ ಎದುರು. ಅವರು ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಅವರು ದುರುಗುಟ್ಟಿ ನೋಡಿದರೆ ಥರ್ಮಾಮೀಟರಿನ ಪಾದರಸ ತಾನಾಗಿ ಕೆಳಗಿಳಿಯುತ್ತಿತ್ತು ಎಂದು ಹೇಳುವವರಿದ್ದರು. ಅಳಿಯನೋ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸೋಪಿನ ಹೊದಿಕೆ, ಫಿನಾಯಿಲ್ ಬಾಟಲಿಯ ಲೇಬಲ್ ಮಾಡುವವನು. ಅತ್ತೆ ನೆಂಟರ ಮುಂದೆ "ಅಳಿಯಂದ್ರು ಪ್ರೆಸ್ಸಲ್ಲಿದ್ದಾರೆ" ಎಂದು ಹೇಳಿ ಸುಮ್ಮನಾಗುತ್ತಿದ್ದರು. ಕೇಳಿದವರು ಪತ್ರಕರ್ತ ಎಂದುಕೊಂಡರೆ ತಿದ್ದುತ್ತಿರಲಿಲ್ಲ. ಒಂದು ಸಲವಾದರೂ ಅವರ ಬಾಯಲ್ಲಿ "ಚೆನ್ನಾಗಿದೆ" ಅನ್ನಿಸಿಕೊಳ್ಳಬೇಕೆಂಬುದು ಅವನ ಬಹುಕಾಲದ ಆಸೆ. ಇದೇ ಸಮಯ ಎಂದು ಲ್ಯಾಪ್‌ಟಾಪು ಬಗಲಿಗಿಟ್ಟುಕೊಂಡು ಹೊರಟ.

ಅತ್ತೆಯ ಸಂಘದ ಹೆಸರು ಜೊತೆಗಾರರ ಸಂಘ. ಆಸ್ಪತ್ರೆಯಲ್ಲಿ ನೋಡಲು ಯಾರೂ ಬಾರದ ರೋಗಿಗಳ ಪಕ್ಕದಲ್ಲಿ ಒಂದಷ್ಟು ಹೊತ್ತು ಕೂತು ಬರುವುದು, ಇಷ್ಟೇ ಅದರ ಕೆಲಸ. ದಾರಿಯಲ್ಲೇ ಅವನಿಗೆ ಚಿತ್ರ ಹೊಳೆದಿತ್ತು. ಒಂದು ಮಂಚ, ಪಕ್ಕದಲ್ಲಿ ಒಂದು ಸ್ಟೂಲು. ನಾಲ್ಕು ಗೆರೆಯಲ್ಲಿ ಮುಗಿಯುವಂಥದ್ದು. ಅತ್ತೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದು ಅದನ್ನು ಬರೆದು, ಅಲ್ಲಿ ಸೇರಿದ್ದ ಸಂಘದವರಿಗೆ ತೋರಿಸಿದ.

"ಬಡಗಿ ಅಂಗಡಿ ಬೋರ್ಡ್ ಥರ ಇದೆ," ಎಂದರು ಡ್ರಿಲ್ ಮೇಷ್ಟ್ರು. ಅವರು ಸಂಘದ ಕಾರ್ಯದರ್ಶಿ. "ಸ್ಟೂಲ್ ಮೇಲೆ ಯಾರೂ ಇಲ್ವಲ್ಲಪ್ಪಾ. ನಮ್ಮೋರು ಗೈರುಹಾಜರಿ ಅಂತ ನಾವೇ ಹೇಳ್ಕೊಂಡ ಹಾಗಾಗಲ್ವಾ?"

ಅತ್ತೆ ಅಳಿಯನ ಮುಖವನ್ನೇ ನೋಡುತ್ತಿದ್ದರು. ಅವನು ಮಂಚದ ಮೇಲೆ ಒಬ್ಬನನ್ನು ಮಲಗಿಸಿ, ಸ್ಟೂಲಿನ ಮೇಲೆ ಇನ್ನೊಬ್ಬನನ್ನು ಕೂರಿಸಿದ.

"ಅಯ್ಯೋ ಪಾಪ, ಇಷ್ಟು ಬಡಕಲಾ?" ಎಂದರು ಟೈಲರಮ್ಮ. ಅವರು ಪಕ್ಕದ ಮನೆಯವರು, ಸಂಘ ಹುಟ್ಟಿದಾಗಿನಿಂದಲೂ ಸದಸ್ಯೆ. "ಪೇಷೆಂಟ್ ಯಾರು, ನೋಡೋಕೆ ಬಂದೋರು ಯಾರು ಅಂತಾನೇ ಗೊತ್ತಾಗಲ್ಲ. ಸ್ವಲ್ಪ ಮೈ ಕೈ ತುಂಬ್ಸಿ. ನನ್ನ ಅಣ್ಣ ಹೀಗೇ ಸೊರಗಿಬಿಟ್ಟಿದ್ದ. ವಾರಕ್ಕೊಂದು ಸಲ ಅವನ ಅಂಗಿ ಬಿಗಿ ಮಾಡಿ ಹೊಲೀತಿದ್ದೆ." ಅಣ್ಣನ ಅಂಗಿಗಳು ಹೇಗೆ ಚಿಕ್ಕವಾಗುತ್ತ ಹೋದವೆಂದು ಅವರು ಬಹಳ ಹೊತ್ತು ಹೇಳಿದರು. ಡಿಸೈನರ್ ಮೌಸ್ ಬಿಟ್ಟು ಕೈಕಟ್ಟಿ ಕೇಳಿದ. ಆಮೇಲೆ ಅಂಥವರನ್ನು ನಿರಾಸೆಗೊಳಿಸುವುದು ಹೇಗೆ? ಸ್ಟೂಲಿನವನನ್ನು ಗುಂಡಗೆ ಮಾಡಿದ.

ಅಷ್ಟರಲ್ಲಿ ಸಂಘದ ಇನ್ನೊಬ್ಬ ಸದಸ್ಯರು, ಔಷಧಿ ಅಂಗಡಿಯವರು, ಬಂದರು. ಬಂದವರೇ ಕನ್ನಡಕ ಏರಿಸಿ, "ಔಷಧಿ ಇಲ್ದೆ ಎಂಥ ಆಸ್ಪತ್ರೆ? ಕೈಯಲ್ಲಿ ಒಂದು ಬಾಟ್ಲಿ ಕೊಡಿ," ಎಂದರು. ಕೊಟ್ಟಾಯಿತು.

ಎಲ್ಲರೂ ಹಿಂದೆ ಸರಿದು ನೋಡಿದರು. ಮಲಗಿದವನೊಬ್ಬ. ಪಕ್ಕದಲ್ಲಿ ದಪ್ಪಗಿನವನೊಬ್ಬ ಬಾಟಲಿ ಹಿಡಿದು ಕೂತಿದ್ದಾನೆ.

"ಒಬ್ಬ ಆಗ್ಲೇ ಕುಡಿದು ಬಿದ್ದಿದ್ದಾನೆ, ಇನ್ನೊಬ್ಬ ಕೂತು ಮುಗಿಸ್ತಿದ್ದಾನೆ," ಎಂದರು ಡ್ರಿಲ್ ಮೇಷ್ಟ್ರು ಗಂಭೀರವಾಗಿ.

ಔಷಧಿ ಅಂಗಡಿಯವರ ಮುಖ ಸಪ್ಪಗಾಯಿತು. ಬಾಟಲಿ ತೆಗೆದರೆ ಅವರಿಗೆ ಬೇಜಾರು, ಬಿಟ್ಟರೆ ಸಂಘಕ್ಕೆ ಕೆಟ್ಟ ಹೆಸರು. ಡಿಸೈನರ್ ಅದನ್ನು ಕೈಯಿಂದ ತೆಗೆದು ಮಂಚದ ಕೆಳಗಿಟ್ಟ. ಬಚ್ಚಿಟ್ಟ ಹಾಗೆ ಕಂಡು ಇನ್ನೂ ಕೆಟ್ಟಿತು.

ಊಟವಾದ ಮೇಲೆ ಡ್ರಿಲ್ ಮೇಷ್ಟ್ರು ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಇಡೀ ಮೈದಾನಕ್ಕೆ ಕೇಳಿಸುತ್ತಿದ್ದ ಅವರ ಗಂಟಲು ಈಗ ಇಳಿದಿತ್ತು. "ಹಿಂದುಗಡೆ ಒಂದು ಸೂರ್ಯನ್ನ ಹಾಕ್ತೀರಾ? ನಮ್ಮನೆಯವಳು ಆಸ್ಪತ್ರೇಲಿದ್ದಾಗ ಕಿಟಕೀಲಿ ಬೆಳಕು ಬಂದ್ರೆ ಸಾಕು ಅಂತ ಕಾಯ್ತಿದ್ವಿ. ಇಬ್ರೂ."

ಡಿಸೈನರ್ ಸೂರ್ಯನನ್ನು ಹಾಕಿದ. ಕಿರಣಗಳನ್ನು ಮೇಷ್ಟ್ರು ಬೆರಳು ಮಾಡಿ ತೋರಿಸಿದಷ್ಟೂ ಉದ್ದ ಎಳೆದ. ಮಂಚಕ್ಕೆ ಬೆಂಕಿ ಬಿದ್ದ ಹಾಗಾಯಿತು. ಅದನ್ನು ತಣಿಸಲು ಟೈಲರಮ್ಮ ಎರಡು ಪಾರಿವಾಳ ಬೇಕೆಂದರು. ಹಾರಿಸಿದ. ರೋಗಿಯ ನೆತ್ತಿಯ ಮೇಲೆ ಅವು ರಣಹದ್ದುಗಳಂತೆ ಸುತ್ತತೊಡಗಿದವು.

ಸಂಜೆಗೆ ಚಿತ್ರವನ್ನು ಸದಸ್ಯರು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜಿನ ಅಳತೆಗೆ ಇಳಿಸಿ ಅಚ್ಚು ತೆಗೆದರು. ಕಾಗದದ ಮೇಲೆ ಒಂದು ಕಪ್ಪು ಮಚ್ಚೆ ಬಂತು, ಜಜ್ಜಿದ ಜಿರಲೆಯ ಹಾಗೆ. ಎಲ್ಲರೂ ಅದನ್ನು ಕೈಯಿಂದ ಕೈಗೆ ದಾಟಿಸಿದರು. ಕೊನೆಗೆ ಕಾಗದ ಅತ್ತೆಯ ಕೈಗೆ ಬಂತು.

"ಲೋಗೋ ಬೇಡ," ಎಂದರು ಅತ್ತೆ. "ಸುಮ್ನೆ ಹೆಸರು ಬರೆಸಿದ್ರೆ ಸಾಕು."

ಡಿಸೈನರ್ ಲ್ಯಾಪ್‌ಟಾಪು ಮುಚ್ಚಿ, ಅದರ ವೈರು ಸುತ್ತುತ್ತ ತಲೆ ತಗ್ಗಿಸಿದ. ಅತ್ತೆ ಒಳಗೆ ಹೋಗಿ ಬಂದು ಅವನ ಮುಂದೆ ನಿಂತರು. ಅವರ ಕೈಯಲ್ಲಿ ರಟ್ಟಿನ ಹಳೆಯ ಬ್ಯಾಡ್ಜಿತ್ತು. ಕೈಬರಹದಲ್ಲಿ 'ಜೊತೆಗಾರ' ಎಂದಿತ್ತು. ಅದನ್ನು ಅವನ ಅಂಗಿಯ ಜೇಬಿಗೆ ಪಿನ್ನು ಚುಚ್ಚಿ ಸಿಕ್ಕಿಸಿದರು, ನರ್ಸುಗಳ ಕೈಚಳಕದಲ್ಲಿ, ನೋವಾಗದ ಹಾಗೆ.

"ಬೆಳಗ್ಗೆಯಿಂದ ನೋಡ್ತಾ ಇದೀನಿ ಅಳಿಯಂದ್ರೇ. ಇಷ್ಟು ಜನ ಇಷ್ಟು ಹೊತ್ತು ಮಾತಾಡಿದ್ರು, ನೀವು ಒಬ್ಬರ ಮಾತೂ ಕತ್ತರಿಸ್ಲಿಲ್ಲ. ಬೇಸರಾನೂ ತೋರಿಸ್ಲಿಲ್ಲ. ಚಿತ್ರ ಬರೆಯೋರು ಎಲ್ಲಾದ್ರೂ ಸಿಗ್ತಾರೆ, ನಮ್ಗೆ ಬೇಕಾಗಿರೋದು ನಿಮ್ಮಂಥೋರು. ಏಳಿ, ಹೋಗೋಣ."

ಭಾನುವಾರದ ಸಂಜೆ ಕೈತಪ್ಪಿ ಹೋಗುವುದು ಕಣ್ಣಿಗೆ ಕಾಣುತ್ತಿದ್ದರೂ ಡಿಸೈನರ್ ಲ್ಯಾಪ್‌ಟಾಪು ಬಗಲಿಗಿಟ್ಟುಕೊಂಡು ಎದ್ದ. ಅತ್ತೆ ಹೊಗಳಿದ್ದರು. ಮೆಚ್ಚಿದ್ದು ಚಿತ್ರವನ್ನಲ್ಲ ಎಂಬುದಷ್ಟೇ ಚೂರು ಚುಚ್ಚುತ್ತಿತ್ತು.

ಆಸ್ಪತ್ರೆಯ ವಾರ್ಡಿನ ಮೂಲೆಯ ಮಂಚದಲ್ಲಿ ಒಬ್ಬ ಮುದುಕ ಗೋಡೆಗೆ ಮುಖ ಮಾಡಿ ಮಲಗಿದ್ದ. "ಲಾರಿ ಡ್ರೈವರ್ ಆಗಿದ್ರಂತೆ," ಎಂದರು ಅತ್ತೆ ಮೆಲ್ಲಗೆ. "ಸೇರಿಸಿದಾಗಿಂದ ಒಂದು ಮಾತೂ ಆಡಿಲ್ಲ. ನೀವು ಸುಮ್ನೆ ಕೂತಿರಿ." ಎಂದವರು ಬೇರೆ ಮಂಚಗಳ ಕಡೆ ಹೋದರು.

ಕೇಳುವುದರಲ್ಲಿ ನಿಪುಣನೆಂದು ಕರೆತಂದರೆ, ಕೇಳಿಸಿಕೊಳ್ಳಲು ಇಲ್ಲಿ ಏನೂ ಇರಲಿಲ್ಲ. ಫ್ಯಾನು ತಿರುಗುತ್ತಿತ್ತು. ಮುದುಕನ ಬೆನ್ನು ಕದಲಲಿಲ್ಲ. ಆ ಮೌನ ತಡೆಯಲಾರದೆ ಡಿಸೈನರ್ ತಾನೇ ಬಾಯಿಬಿಟ್ಟ. "ಅಲ್ಲಾ ಅಜ್ಜಾ, ಒಂದು ಸ್ಟೂಲ್ ಬರೆದೆ. ಅಷ್ಟೇ ನಾನು ಮಾಡಿದ್ ತಪ್ಪು." ದಿನವಿಡೀ ಒಳಗೆ ತುಂಬಿಕೊಂಡದ್ದೆಲ್ಲ ಹೊರಬಂತು. ದಪ್ಪಗಾದವನ ಕತೆ, ಬಾಟಲಿಯ ಕತೆ, ಮಂಚಕ್ಕೆ ಬೆಂಕಿ ಬಿದ್ದದ್ದು. ಪಾರಿವಾಳಗಳು ಹದ್ದುಗಳಾದ ಕಡೆಗೆ ಬರುವಷ್ಟರಲ್ಲಿ ಮಂಚ ಗಡಗಡ ಅಲುಗತೊಡಗಿತು. ಮುದುಕನಿಗೆ ಫಿಟ್ಸೇ ಬಂತೆಂದು ಗಾಬರಿಯಾಗಿ ಡಿಸೈನರ್ ನರ್ಸನ್ನು ಕೂಗಿದ.

ಮುದುಕ ಮಗ್ಗುಲು ಹೊರಳಿದ. ನಗುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಓಡಿ ಬಂದ ನರ್ಸು ಬಾಗಿಲಲ್ಲೇ ನಿಂತುಬಿಟ್ಟಳು.

"ಚಿತ್ರ ತೋರ್ಸು," ಎಂದ ಮುದುಕ. ಬಳಸದೆ ಇಟ್ಟ ಗಂಟಲು ಹಳೆಯ ಎಂಜಿನ್ನಿನ ಹಾಗೆ ಕರಕರ ಎಂದಿತು.

ಡಿಸೈನರ್ ಲ್ಯಾಪ್‌ಟಾಪು ತೆರೆದು ಅವನ ಎದೆಯ ಹತ್ತಿರ ಹಿಡಿದ. ಮುದುಕ ಎಲ್ಲದರ ಮೇಲೂ ಕಣ್ಣಾಡಿಸಿದ.

"ಎಲ್ಲಾ ಸರಿಯಾಗಿದೆ ಮಗಾ," ಎಂದ ಕೊನೆಗೆ. "ಆದ್ರೆ ಮಲಗಿರೋ ಈ ಮನುಷ್ಯ ಹುಷಾರಾದ್ಮೇಲೆ ಮನೆಗೆ ಹೋಗೋದು ಹೇಗೆ? ಇಲ್ಲಿ ಬಾಗ್ಲಲ್ಲಿ ಒಂದು ಲಾರಿ ನಿಲ್ಸು. ನಾಳೆ ಬರ್ತೀಯಲ್ಲ, ತಂದು ತೋರ್ಸು. ಕೆಂಪು ಲಾರಿ."

"ಕೆಂಪು ಬೇಡ," ಎಂದಿತು ಪಕ್ಕದ ಮಂಚದ ದನಿ. "ಹಸಿರು ಮಾಡಿ. ಮತ್ತೆ ನಂಗೂ ಅದ್ರಲ್ಲಿ ಜಾಗ ಇರ್ಲಿ."

ಆಚೆ ಮಂಚದವರು ನೀಲಿ ಎಂದರು. ಡಿಸೈನರ್ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು, "ಒಬ್ಬೊಬ್ರೇ ಹೇಳಿ," ಎಂದ.