ಮಾವನವರು ತಂದ ಐಸ್ ಕ್ರೀಮು

ನಮ್ಮ ಮಾವನವರು ಬದುಕಿನಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿದವರಲ್ಲ. ಇದು ನನ್ನ ಮಾತಲ್ಲ, ಅವರದೇ!

ಹಾಲ್ಕುರಿಕೆ ಕಡೆಯ ಆ ಮನೆಗೆ ನಾನು ಸೊಸೆಯಾಗಿ ಬಂದ ಹೊಸತು. ಕಂದಿಕೆರೆಯ ನೆಂಟರ ಮದುವೆಗೆಂದು ಗರಿಗರಿ ಪಂಚೆ ಉಟ್ಟು ಬೆಳಗಿನ ಬಸ್ಸಿಗೆ ಹೋದ ಮಾವನವರು ಮಧ್ಯಾಹ್ನಕ್ಕೇ ವಾಪಸು ಬಂದರು. ಮದುವೆ ಇದ್ದದ್ದು ಮುಂದಿನ ವಾರ! ಅತ್ತೆ ನಗು ತಡೆದುಕೊಂಡು, "ಚಪ್ಪರನಾದ್ರೂ ಹಾಕಿದ್ರೇನ್ರೀ?" ಎಂದರು. ಮಾವನವರು ಸ್ವಲ್ಪವೂ ಅಳುಕಲಿಲ್ಲ. "ಮದ್ವೆ ದಿವ್ಸ ಆ ಗಲಾಟೇಲಿ ಯಾರು ಮಾತಾಡಿಸ್ತಾರೆ? ಅದ್ಕೇ ಮೊದ್ಲೇ ಹೋಗಿ ನಿಧಾನವಾಗಿ ಮಾತಾಡಿಸ್ಕೊಂಡ್ ಬಂದೆ. ನಾನು ಅನ್ಕೊಂಡಿದ್ದೇ ಹಂಗೆ!"

"ನಾನು ಅನ್ಕೊಂಡಿದ್ದೇ ಹಂಗೆ." ಈ ಮಾತನ್ನು ಆ ಮನೆಯಲ್ಲಿ ನಾನು ಎಷ್ಟು ಸಲ ಕೇಳಿದೆನೋ ಆ ದೇವರೇ ಬಲ್ಲ. ತೋಟದಲ್ಲಿ ಅವರೇ ನಿಂತು ನೆಡಿಸಿದ ತೆಂಗಿನ ಸಾಲೊಂದಿತ್ತು. ನೇರ ಬರಲೆಂದು ಕಟ್ಟಿದ ದಾರದ ಒಂದು ತುದಿಯನ್ನು ಎಮ್ಮೆಯ ಗೂಟಕ್ಕೆ ಬಿಗಿದಿದ್ದರಂತೆ. ಎಮ್ಮೆ ಸುಮ್ಮನಿರುತ್ತದೆಯೇ? ಗೂಟ ಕಿತ್ತುಕೊಂಡು ಹುಲ್ಲಿದ್ದ ಕಡೆ ಹೋಯಿತು. ದಾರವೂ ಹೋಯಿತು, ದಾರದ ಹಿಂದೆ ಸಾಲೂ ಹೋಯಿತು! "ನೇರ ಸಾಲಾದ್ರೆ ಗಾಳಿ ಸೀದಾ ನುಗ್ತದೆ ಕಣಮ್ಮ. ಸೊಟ್ಟಗಿದ್ರೆ ಬಳಸ್ಕೊಂಡ್ ಹೋಗ್ತದೆ" ಎಂದು ನನಗೆ ವಿವರಿಸಿದರು. ಆ ಸೊಟ್ಟ ಸಾಲೇ ಬೇರೆಲ್ಲದಕ್ಕಿಂತ ಹೆಚ್ಚು ಕಾಯಿ ಬಿಡಬೇಕೇ? ಇಂಥವರ ಜೊತೆ ವಾದ ಮಾಡುವವರು ಯಾರು!

ಎಂಬತ್ತರ ದಶಕದ ಮೊದಮೊದಲ ಒಂದು ಬೇಸಿಗೆಯಲ್ಲಿ ಅತ್ತೆಗೆ ಟೈಫಾಯಿಡ್ ಬಂತು. ಜ್ವರವೇನೋ ಬಿಟ್ಟಿತು, ಆದರೆ ಊಟ ಸೇರದಾಯಿತು. ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಿದ್ದರು, ಸಾರನ್ನ ಕಂಡರೆ ಕಣ್ಣು ಮುಚ್ಚುತ್ತಿದ್ದರು. ಮನೆಯನ್ನೆಲ್ಲ ಎತ್ತಿ ಆಡಿಸುತ್ತಿದ್ದ ಹೆಂಗಸು ಗೋಡೆಗೊರಗಿ ಕೂತರೆ ಸೀರೆಯ ಗಂಟು ಇಟ್ಟಂತೆ ಕಾಣುತ್ತಿದ್ದರು. ತಿಪಟೂರಿನ ಡಾಕ್ಟರು, "ಏನಾದ್ರೂ ಸರಿ, ಬಾಯಿಗೆ ರುಚಿಸಿದ್ದು ಹೊಟ್ಟೆಗೆ ಹೋಗ್ಲಿ. ಹಿಂಗೇ ಬಿಟ್ರೆ ಕಷ್ಟ" ಎಂದುಬಿಟ್ಟರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಬ್ರೆಡ್ಡು ಬಂತು. ನಮ್ಮ ಕಡೆ ಆಗ ಬ್ರೆಡ್ಡೆಂದರೆ ತಿಂಡಿಯಲ್ಲ, ಔಷಧಿ. ಕೈಯಲ್ಲಿ ಬ್ರೆಡ್ಡು ಹಿಡಿದು ಬಸ್ಸಿಳಿದರೆ "ಯಾರಿಗೆ ಜ್ವರ?" ಎಂದೇ ಕೇಳುತ್ತಿದ್ದರು! ಅತ್ತೆ ಅದನ್ನೂ ಮುಟ್ಟಲಿಲ್ಲ. ಬಾಯಿ ಸುಮ್ಮನಿರದೆ ನಾನು, "ನಮ್ಮ ಹಾಸ್ಟೆಲಲ್ಲಿ ಬ್ರೆಡ್ಡನ್ನ ಹಾಲು ಮೊಟ್ಟೇಲಿ ಅದ್ದಿ ಹೆಂಚಿನ ಮೇಲೆ ಸುಡ್ತಿದ್ರು ಮಾವ, ಫ್ರೆಂಚ್ ಟೋಸ್ಟ್ ಅಂತ" ಎಂದೆ. ಮೂರು ಹೊತ್ತು ವಿಭೂತಿ ಹಚ್ಚುವ ಮನೆ ಅದು. ಮಾವನವರು ನನ್ನನ್ನೇ ದಿಟ್ಟಿಸಿದರು.

"ಮೊಟ್ಟೆ ಅಂದ್ಯೇನಮ್ಮ?"

"ಅಯ್ಯೋ, ನಾನು ತಿಂತಿರ್ಲಿಲ್ಲ ಮಾವ. ನೋಡಿದ್ದಷ್ಟೇ."

"ನೋಡಿದ್ದೂ ಸಾಕು ಬುಡು."

ಆ ದಿನ ಸಂಜೆ ಅತ್ತೆ ಮೆಲ್ಲಗೆ, "ಐಸ್ ಕ್ರೀಮು ತಿನ್ಬೇಕು ಅನ್ನಿಸ್ತದೆ ಕಣೇ" ಎಂದರು. ಹಿಂದೊಮ್ಮೆ ತಿಪಟೂರಿನ ಅಂಗಡಿಯ ಮುಂದೆ ನಿಂತು ಗಂಡನನ್ನು ಕೇಳಿದ್ದರಂತೆ. "ಹಲ್ಲು ಜುಮ್ಮಂತವೆ, ನಡಿ ನಡಿ" ಎಂದು ಅವರು ಬಸ್ ಹತ್ತಿಸಿದ್ದರಂತೆ. ಬಾಗಿಲಲ್ಲಿ ನಿಂತಿದ್ದ ಮಾವನವರಿಗೆ ಇದೆಲ್ಲ ಕೇಳಿಸಿತು. ಅವರು ಸೀದಾ ಅಟ್ಟ ಹತ್ತಿದರು.

ಅಟ್ಟದಲ್ಲಿ ಕೊಬ್ಬರಿಗೆಂದು ಹರಡಿದ್ದ ಕಾಯಿಗಳ ನಡುವೆ ಏನು ಮಾಡಿದರೋ, ಬೆಳಗ್ಗೆ ಒಂದು ಗೋಣಿಚೀಲದ ತುಂಬ ತೆಂಗಿನ ನಾರು ಬಿಡಿಸಿಟ್ಟಿದ್ದರು. ನಡುವೆ ನಮ್ಮ ಊಟದ ಕ್ಯಾರಿಯರು! "ಉರಿಬಿಸ್ಲಲ್ಲೂ ಎಳನೀರು ತಣ್ಣಗಿರಲ್ವೇನಮ್ಮ? ಯಾಕೆ ಹೇಳು? ಸುತ್ತ ನಾರಿರ್ತದೆ! ಐಸ್ ಕ್ರೀಮ್ನವ್ರಿಗೆ ಇಷ್ಟೂ ಬುದ್ಧಿ ಬ್ಯಾಡ್ವಾ?" ತೆಂಗಿನ ಸೀಮೆಯವರಿಗಲ್ಲದೆ ಇಂಥ ಯೋಚನೆ ಇನ್ಯಾರಿಗೆ ಹೊಳೆಯಬೇಕು ಹೇಳಿ! ಕಾವಲಿಗೆಂದು ನಾನೂ ಅವರ ಜೊತೆ ತಿಪಟೂರಿಗೆ ಹೋದೆ.

ಅಂಗಡಿಯಲ್ಲಿ ಮೊದಲ ಪ್ರಶ್ನೆಯೇ, "ಇದ್ರಲ್ಲಿ ಮೊಟ್ಟೆ ಗಿಟ್ಟೆ ಇಲ್ಲ ತಾನೆ?" "ಬರೀ ಹಾಲು, ಕೆನೆ, ಸಕ್ಕರೆ ಸ್ವಾಮಿ" ಎಂದ ಅಂಗಡಿಯವ. ಕ್ಯಾರಿಯರು ತುಂಬಿತು, ನಾರಿನೊಳಗೆ ಹೂತಿತು, ನಾವು ಬಸ್ಸು ಹತ್ತಿದೆವು.

ಸತ್ಯ ಹೇಳಬೇಕೆಂದರೆ ನಾರು ಮೋಸ ಮಾಡಲಿಲ್ಲ. ಅರ್ಧ ದಾರಿಯವರೆಗೂ ಐಸ್ ಕ್ರೀಮು ಗಟ್ಟಿಯಾಗೇ ಇತ್ತು. ಹೇಗೆ ಗೊತ್ತಾಯಿತು ಅಂತೀರಾ? ಮಾವನವರು ಮುಚ್ಚಳ ತೆಗೆದು ತೋರಿಸುತ್ತಲೇ ಇದ್ದರಲ್ಲ! ಕಂಡಕ್ಟರಿಗೆ ತೋರಿಸಿದರು. ಪಕ್ಕದವರಿಗೆ, ಹಿಂದಿನವರಿಗೆ, ಕೋಳಿ ಹಿಡಿದು ಕೂತ ಮುದುಕಿಗೆ. "ನೋಡ್ರಿ, ಕರಗೈತಾ? ಎಲ್ಲಾ ನಾರಿನ ಮಹಿಮೆ!" ನಾನು "ಮುಚ್ಚಿ ಮಾವ, ಮುಚ್ಚಿ" ಎನ್ನುತ್ತಲೇ ಇದ್ದೆ. ಊರ ಮುಂದೆ ಇಳಿದಾಗ ಕ್ಯಾರಿಯರಿನೊಳಗೆ ಗುಳುಗುಳು ಸದ್ದು.

ಮನೆಯ ಹಿತ್ತಲಲ್ಲಿ ಮುಚ್ಚಳ ತೆಗೆದು ನೋಡಿದರು. ದಪ್ಪನೆಯ ಹಳದಿ ಹಾಲು. ಕ್ಯಾರಿಯರನ್ನು ಒಮ್ಮೆ ಅಲುಗಿಸಿ ನೋಡಿದರು. ಆಮೇಲೆ ತಲೆಯೆತ್ತಿ, "ಆ ನಿನ್ ಹಾಸ್ಟೆಲ್ ಟೋಸ್ಟು, ಅದ್ಕೆ ಇಂಥದ್ದೇ ಅಲ್ವೇನಮ್ಮ ಬೇಕಾಗೋದು? ಇದ್ರಲ್ಲಿ ಮೊಟ್ಟೇನೂ ಇಲ್ಲ. ನಾನು ಅನ್ಕೊಂಡಿದ್ದೇ ಹಂಗೆ" ಎಂದರು. ಆದರೆ ಈ ಸಲ ದನಿಯಲ್ಲಿ ಜೋರಿರಲಿಲ್ಲ.

ಹುಟ್ಟಿದಾಗಿನಿಂದ ಒಲೆ ಹಚ್ಚಿ ಗೊತ್ತಿಲ್ಲದ ಮನುಷ್ಯ ದೋಸೆ ಹೆಂಚಿಟ್ಟರು. ನಾನು ಕೈ ಹಾಕಿದರೆ, "ನೀನು ಸುಮ್ಕಿರು, ನಾನೇ ಮಾಡ್ಬೇಕು" ಎಂದರು. ಮೊದಲ ತುಂಡನ್ನು ನೆನೆಯಲು ಬಿಟ್ಟು ಬೆಂಕಿ ಊದುತ್ತ ಕೂತರು; ಎತ್ತಿದರೆ ಬ್ರೆಡ್ಡು ಕೈಗೇ ಬರಲಿಲ್ಲ! ಎರಡನೆಯದು ಐಸ್ ಕ್ರೀಮಿನ ಸಕ್ಕರೆ ಸೀದು ಕಪ್ಪಾಯಿತು. ಆಮೇಲೆ ಬುದ್ಧಿ ಬಂತು. ಒಣಗಿದ ಬ್ರೆಡ್ಡನ್ನು ಹಾಗೆ ಅದ್ದಿ ಹೀಗೆ ಎತ್ತಿ, ಉರಿ ತಗ್ಗಿಸಿ, ಬೆಣ್ಣೆ ಸವರಿ ಎರಡೂ ಕಡೆ ಬೇಯಿಸಿದರು. ಅಂಚು ಗರಿಗರಿ, ನಡುವೆ ಮೆತ್ತಗೆ, ಒಳ್ಳೆ ಹೊಂಬಣ್ಣ. ಘಮ ನಡುಮನೆಯವರೆಗೂ ಹೋಯಿತು.

ತಟ್ಟೆ ಹಿಡಿದು ಅವರು ಮುಂದೆ, ನೀರಿನ ಲೋಟ ಹಿಡಿದು ನಾನು ಹಿಂದೆ. ಅತ್ತೆ ತಟ್ಟೆ ನೋಡಿದರು, ಗಂಡನ ಮಸಿ ಹತ್ತಿದ ಮುಖ ನೋಡಿದರು.

"ಇದೇನ್ರೀ? ಐಸ್ ಕ್ರೀಮು ಎಲ್ಲಿ?"

ಇನ್ನೇನು ಆ ಮಾತು ಬರುತ್ತದೆ ಎಂದು ನಾನು ಕಾದೆ. ಮಾವನವರು ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಮಂಚದ ಅಂಚಿಗೆ ಕೂತು, "ಕರಗೋಯ್ತು ಕಣೇ. ಬಸ್ನಲ್ಲಿ ಎಲ್ರಿಗೂ ತೋರಿಸ್ಕೊಂಡ್ ಬಂದೆ. ಅವತ್ತೇ ಕೊಡಿಸ್ಬೇಕಾಗಿತ್ತು ನಿಂಗೆ. ತಪ್ಪಾಯ್ತು" ಎಂದರು.

ಆ ಬಾಯಲ್ಲಿ ಆ ಮಾತು!

ಅತ್ತೆ ಒಂದು ಚೂರು ಮುರಿದು ಬಾಯಿಗಿಟ್ಟರು. ಅಗಿದರು. ಇನ್ನೊಂದು ಚೂರು ಮುರಿದರು. ಎಷ್ಟೋ ದಿನದ ಮೇಲೆ ಅವರು ತಿನ್ನುವುದನ್ನು ಕಂಡು ನನಗೆ ಅಳುವೇ ಬಂತು. ಒಂದು ಪೂರ್ತಿ ಮುಗಿಸಿ, ಎರಡನೆಯದಕ್ಕೆ ಕೈ ಹಾಕುತ್ತ ಗಂಡನ ಕಡೆ ತಿರುಗಿದರು.

"ಯಾವ ತಪ್ಪು? ತಣ್ಣಗಿದ್ರೆ ನಂಗೆ ಹಲ್ಲು ಜುಮ್ಮಂತವೆ. ಕರಗಿಸ್ಕೊಂಡೇ ತರ್ಲಿ ಅಂತಿದ್ದೆ. ನಾನು ಅನ್ಕೊಂಡಿದ್ದೇ ಹಂಗೆ!"

ಮಾವನವರು ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ನನ್ನತ್ತ ನೋಡಿದರು.

"ನೋಡ್ದೇನಮ್ಮ? ನಾನು ಹೇಳ್ಲಿಲ್ವಾ?"