ಕಮಲಾಪುರದಲ್ಲಿ ನಾನು ಸಮುದ್ರವಾದದ್ದು

ನಮ್ಮ ಕಾಕಾ ಕಲಬುರಗಿಯ ಏಕೈಕ ನೌಕಾಶಿಲ್ಪಿ. ಸಮುದ್ರವನ್ನು ಇನ್ನೂ ನೋಡಿಲ್ಲ ಎಂಬ ಸಣ್ಣ ಕೊರತೆಯೊಂದನ್ನು ಬಿಟ್ಟರೆ ಅವರ ಯೋಗ್ಯತೆಯನ್ನು ಯಾರೂ ಪ್ರಶ್ನಿಸುವಂತಿಲ್ಲ.

ಅವರ ದೋಣಿಗೆ ಎಂಜಿನ್ನಿಲ್ಲ, ಹುಟ್ಟಿಲ್ಲ, ಹಾಯಿಯೂ ಇಲ್ಲ. ತಳದಲ್ಲಿ ಹಿಂದೊಂದು ಮುಂದೊಂದು, ಮೀನಿನ ಬಾಲದಂಥ ರಬ್ಬರ್ ರೆಕ್ಕೆ. ಅಲೆ ದೋಣಿಯನ್ನು ಎತ್ತಿ ಇಳಿಸಿದಂತೆಲ್ಲ ರೆಕ್ಕೆ ಬಳುಕಿ ನೀರನ್ನು ಹಿಂದಕ್ಕೆ ನೂಕುತ್ತದೆ. "ಅಲಿ ಎದುರಿಗಿ ಬಂದ್ರೂ ಹಿಂದ ಸರಿಯಂಗಿಲ್ಲ ತಮ್ಮಾ, ಮುಂದೇ ಹೋಗ್ತದ," ಎಂದು ಕಾಕಾ ವಿವರಿಸಿದರು. ಮೊಬೈಲಿನಲ್ಲಿ ನೋಡಿದ್ದರಂತೆ. ಅವರ ವಯಸ್ಸಿನ ಉಳಿದವರು ಅದರಲ್ಲಿ ಭಜನೆ ಕೇಳುತ್ತಾರೆ.

ರಬ್ಬರ್ ಕೊಳ್ಳಲು ಕಾಕಾ ಊರಿನ ಸೂಪರ್ ಮಾರ್ಕೆಟ್ ಬಜಾರಿಗೆ ಹೋದಾಗ ಅಂಗಡಿಯ ಚಾಚಾ ಕೇಳಿದರು, "ದರಿಯಾ ಎಲ್ಲದ ಸಾಬ್? ಜಗತ್ ಸರ್ಕಲ್‌ದಾಗೇನು?"

"ಸಮುದ್ರ ಬರೋದು ಬಿಡೋದು ಅದರ ಮರ್ಜಿ. ನಾವು ತಯಾರಿರಬೇಕಲ್ಲ?"

ಚಾಚಾ ಕತ್ತರಿ ಎತ್ತಿಕೊಂಡರು.

ದೋಣಿಯ ಒಡಲು ಎಲ್ಲಿಂದ ಬಂತು ಎಂಬುದು ಅಡುಗೆಮನೆಯಲ್ಲಿ ಬಯಲಾಯಿತು. ರೊಟ್ಟಿಯ ಹಿಟ್ಟು ನಾದುವ ಮರದ ಕೊಣಮಗಿ, ಕಾಕಿ ಕಮಲಾಪುರದ ತವರಿನಿಂದ ತಂದದ್ದು, ಮಾಯವಾಗಿತ್ತು. "ಹಿಟ್ಟು ಎಲ್ಲಿ ನಾದ್ಲಿ, ನಿಮ್ಮ ತಲೀ ಮ್ಯಾಗೇನು?" ಎಂದು ಕಾಕಿ ಹುಡುಕುತ್ತ ಹೋದರೆ, ಕಾಕಾ ಮನೆಯ ನೀರಿನ ತೊಟ್ಟಿಯಲ್ಲಿ ಅದನ್ನು ತೇಲಿಬಿಟ್ಟು ಕೈಯಿಂದ ಅಲೆ ಎಬ್ಬಿಸುತ್ತಿದ್ದರು. ಅರ್ಧ ನೀರು ಅಂಗಳದಲ್ಲಿತ್ತು.

"ನಳ ಬಂದು ಎಷ್ಟು ದಿವಸ ಆತು, ಖಬರ ಅದ ಏನ್ರಿ ನಿಮಗ?"

ಕಾಕಿಯ ತೀರ್ಪು ಅಲ್ಲೇ ಹೊರಬಿತ್ತು. ಭಾನುವಾರ ಕಮಲಾಪುರದಲ್ಲಿ, ಕಾಕಿಯ ಅಣ್ಣನ ಬಾಳೆತೋಟದ ಹೊಂಡದಲ್ಲಿ, ದೋಣಿ ತಾನಾಗಿ ಮುಂದೆ ಹೋಗಬೇಕು. ಹೋಗದಿದ್ದರೆ ಕೊಣಮಗಿ ಅಡುಗೆಮನೆಗೆ, ಕಾಕಾ ಭಜನೆಗೆ.

ಹೊಂಡದ ನೀರು ಕನ್ನಡಿಯಂತೆ ಸುಮ್ಮನಿತ್ತು. ಕಾಕಾ ದೋಣಿಯನ್ನು ತೇಲಿಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕುಟುಂಬದಲ್ಲಿ ಸಮುದ್ರ ಕಂಡವನು ನಾನೊಬ್ಬನೇ. ಗೋಕರ್ಣದಲ್ಲಿ ಹಿಮ್ಮಡಿ ತೋಯುವಷ್ಟು ಇಳಿದು, ಕಿರುಚಿ ಓಡಿಬಂದಿದ್ದೆ. ಅದನ್ನು ಊರಲ್ಲಿ ಈಜು ಎಂದು ಹೇಳಿಕೊಂಡು ತಿರುಗಿದ್ದರ ಫಲ ಈಗ ಕೈಗೆ ಬಂತು. ದೇಹವಿಸ್ತಾರದಲ್ಲೂ ಹತ್ತಿರದ ಪ್ರತಿಸ್ಪರ್ಧಿಗಳಿರಲಿಲ್ಲ.

"ಇಳಿ ತಮ್ಮಾ. ನೀನೇ ಸಮುದ್ರ."

ಎದೆಮಟ್ಟದ ನೀರಿನಲ್ಲಿ, ದಂಡೆಗೆ ಕಟ್ಟಿದ್ದ ಹಗ್ಗ ಹಿಡಿದು ಮುಳುಗಿದೆ, ಎದ್ದೆ, ಮುಳುಗಿದೆ. ಕಾಕಿಯ ತವರಿಗೆ ತವರೇ ದಂಡೆಯಲ್ಲಿ ನಿಂತಿತ್ತು. "ಎಮ್ಮಿ ಇಳಿಸಿದ್ರ ಇಷ್ಟು ಚೆಲ್ಲತಿದ್ದಿಲ್ಲ," ಎಂದರು ಕಾಕಿಯ ಅಣ್ಣ. ನಾನೆಬ್ಬಿಸಿದ ಅಲೆಗಳು ಕೊಣಮಗಿಯನ್ನು ದೂರ ತಳ್ಳುವುದೇ ನ್ಯಾಯ. ಆದರೆ ಅದು ತಲೆಯೆತ್ತಿತು, ತಗ್ಗಿಸಿತು, ಅಲೆಗೆ ಎದುರಾಗಿ ಮೆಲ್ಲಗೆ ನನ್ನ ಕಡೆಗೇ ಬಂದು ಹೊಟ್ಟೆಗೆ ಗುದ್ದಿತು. ಹಡಗೊಂದು ಸಮುದ್ರಕ್ಕೇ ಡಿಕ್ಕಿ ಹೊಡೆದದ್ದು ಬಹುಶಃ ಅದೇ ಮೊದಲು.

ದಂಡೆಯಲ್ಲಿ ನಗೆಯೆದ್ದಿತು. ಕಾಕಾ ನಗಲಿಲ್ಲ. ಕೊಣಮಗಿಯನ್ನು ಮೇಲೆತ್ತಿ, ಧೋತರದ ಚುಂಗಿನಿಂದ ಒರೆಸಿ ಕಾಕಿಯ ಕೈಗಿಟ್ಟರು. "ತಗೊ ನಿಂದು. ರೆಕ್ಕಿ ಮನಿಗಿ ಹೋಗಿ ಬಿಚ್ಚಿ ಕೊಡ್ತೀನಿ. ನೀ ನೋಡಿದಿಯಲ್ಲ, ಸಾಕು."

ಗೆದ್ದ ಕಾಕಾ ಸೋತವರಂತೆ ನಿಂತಿದ್ದರು. ಕಾಕಿ ಆ ರಬ್ಬರ್ ರೆಕ್ಕೆಯನ್ನು ಬೆರಳಿಂದ ಒಮ್ಮೆ ಬಳುಕಿಸಿ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ, ಬಗ್ಗಿ, ಕೊಣಮಗಿಯನ್ನು ತಾವೇ ನೀರಿಗೆ ಬಿಟ್ಟರು.

"ಇರ್ಲಿ ಬಿಡ್ರಿ. ಹಿಟ್ಟಿಗಿ ಪರಾತ ಅದ."

ನಾನು ಆಗಲೇ ಹಗ್ಗ ಹಿಡಿದು ಅರ್ಧ ದಂಡೆ ಏರಿದ್ದೆ. ಕಾಕಿ ಇತ್ತ ತಿರುಗಿದರು.

"ಏ ಸಮುದ್ರಾ, ಎಲ್ಲಿ ಹೊಂಟಿ? ಇನ್ನೊಮ್ಮಿ ಏಳಪ್ಪಾ. ನಿಮ್ಮ ಕಾಕಾ ಸರಿಯಾಗಿ ನೋಡಿಲ್ಲ."