ಬೇಳೆ ಬೇಯುವ ಬಡಾವಣೆ

ಬೆಂಗಳೂರಿಗೆ ಹೊಸದಾಗಿ ಬರುವವರಿಗೆ ಮನೆ ಹುಡುಕಿಕೊಡುವ ಕೆಲಸ ಯಾವಾಗಲೂ ನನ್ನ ಕೊರಳಿಗೇ ಏಕೆ ಬಂದು ಬೀಳುತ್ತದೋ ಕಾಣೆ. ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಾಗಿದ್ದ ಕಾಲದಲ್ಲಿ ಇಲ್ಲಿಗೆ ಬಂದವನು ನಾನು. ಆಗ ಬಸವನಗುಡಿಯ ನೆಂಟರು, "ಲಾಲ್‌ಬಾಗಿನ ಆಚೆಗೆ ಹೋಗಬೇಕಲ್ಲಾ, ಕತ್ತಲಾಗೋಕೆ ಮುಂಚೆ ಹೊರಡಿ" ಎಂದು ಕಾಳಜಿ ತೋರಿಸಿ, ಕಾಫಿ ಕೊಡದೆ ಕಳಿಸುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ನಮ್ಮ ರಸ್ತೆಗೆ ಚಿರತೆ ಬಂದಿತ್ತು, ನಮ್ಮನೆ ಗೇಟಿಗೆ ಮೈ ಉಜ್ಜಿ ಹೋಯಿತು ಎಂದು ಹೇಳುತ್ತಿದ್ದೆ. ಅದು ಬೆಕ್ಕು. ಆದರೆ ದೊಡ್ಡ ಬೆಕ್ಕು.

ಮನೆ ನೋಡಲು ಬಂದವರಾರೂ ಮನೆ ನೋಡುವುದಿಲ್ಲ, ಏರಿಯಾಕ್ಕೆ ಮಾರ್ಕ್ಸು ಹಾಕುತ್ತಾರೆ. ಈ ವಿದ್ಯೆಯಲ್ಲಿ ನನ್ನ ಷಡ್ಡಕರನ್ನು ಮೀರಿಸಿದವರಿಲ್ಲ. ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಮೈಸೂರಿನಲ್ಲಿ ಹೆಲ್ತ್ ಇನ್‌ಸ್ಪೆಕ್ಟರಾಗಿದ್ದು ರಿಟೈರ್ ಆದವರು. ಮಗನಿಗೆ ಇಲ್ಲಿ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತೆಂದು ಇಡೀ ಸಂಸಾರ ಬೆಂಗಳೂರಿಗೆ ಬರುವುದೆಂದಾಯಿತು. ಸಂಸಾರವೆಂದರೆ ಅದರಲ್ಲಿ ನನ್ನ ಅತ್ತೆಯವರೂ ಸೇರಿದರು. ಮನೆ ಗೊತ್ತುಮಾಡಲು ಷಡ್ಡಕರೂ ಅತ್ತೆಯವರೂ ಮೊದಲು ಬಂದು ನಮ್ಮಲ್ಲಿ ಇಳಿದರು.

ಅಮ್ಮ, ಅಕ್ಕ ಇಬ್ಬರೂ ಕೂಗಳತೆಯಲ್ಲಿರಬೇಕೆಂಬುದು ನನ್ನ ಹೆಂಡತಿಯ ಆಸೆ. ಬಸ್ಸು ಬದಲಾಯಿಸಿ ಬರುವಷ್ಟು ದೂರದಲ್ಲಿರಲಿ ಎಂಬುದು ನನ್ನದು. ಷಡ್ಡಕರು ನನ್ನ ಪೇಪರನ್ನು ನನಗಿಂತ ಮುಂಚೆ, ಗಟ್ಟಿಯಾಗಿ, ಟೀಕೆ ಸಮೇತ ಓದುವವರು. ಅತ್ತೆಯವರು ಅದೇ ರೀತಿ ನನ್ನನ್ನು ಓದುವವರು.

ಇಷ್ಟರಲ್ಲಿ ನಮ್ಮ ಎದುರು ಮನೆ ಖಾಲಿಯಾಗಿ ಕೂತಿತ್ತು! ಅದರ ಮಾಲೀಕರು ಚಾಮರಾಜಪೇಟೆಯವರು, ಬೀಗದ ಕೈಯನ್ನು ನನ್ನ ಹತ್ತಿರ ಕೊಟ್ಟು, "ಒಳ್ಳೇ ಜನ ಬಂದ್ರೆ ತೋರ್ಸಿ" ಎಂದಿದ್ದರು. ನೆಂಟರು ಬರುವ ದಿನ ಬೆಳಿಗ್ಗೆ ನಾನು ಆ ಗೇಟಿಗೆ ತೂಗುಹಾಕಿದ್ದ ಬಾಡಿಗೆಯ ತಗಡಿನ ಬೋರ್ಡನ್ನು ಬಿಚ್ಚಿ ತಂದು, "ಪಾಪ, ಆ ಮನೆ ಆಗಲೇ ಯಾರಿಗೋ ಮಾತಾಯ್ತಂತೆ ಕಣೇ" ಎಂದು ಹೆಂಡತಿಗೆ ವರದಿ ಒಪ್ಪಿಸಿದೆ.

ಹೊಗೆಯಿಲ್ಲದ ಚಿಮಣಿ

ಮೊದಲು ಅವರನ್ನು ಕರೆದೊಯ್ದದ್ದು ಪೇಟೆಯ ಆಚೆ, ಒಂದು ಮಿಲ್ಲಿನ ಬೀದಿಗೆ. ನಮ್ಮ ಮನೆಯಿಂದ ದೂರ ಎಂಬ ಒಂದೇ ಗುಣಕ್ಕೆ ಅದು ನನಗೆ ಸ್ವರ್ಗವಾಗಿ ಕಂಡಿತ್ತು. ಮಿಲ್ಲು ಮುಚ್ಚಿ ಕೆಲವು ತಿಂಗಳಾಗಿತ್ತು. ಗಂಡಸರು ಹಾಡುಹಗಲಲ್ಲೇ ಜಗಲಿಯ ಮೇಲೆ ಕೂತಿದ್ದರು.

"ನೋಡಿ ಭಾವ, ಸೈರನ್ ಇಲ್ಲ, ಮಸಿ ಇಲ್ಲ. ಬಿಳೀ ಪಂಚೆ ಬಿಳಿಯಾಗೇ ಒಣಗತ್ತೆ" ಎಂದೆ.

ಷಡ್ಡಕರ ಪರೀಕ್ಷೆಯೆಲ್ಲ ಮೂಗಿನಲ್ಲಿ. ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಸಂಗೀತ ಕೇಳುವವರಂತೆ ಕಣ್ಣು ಮುಚ್ಚಿ, ಉಸಿರೆಳೆದರು. "ಚರಂಡಿ ಸಾಧಾರಣ. ಗಾಳಿ ಮಾತ್ರ ಫಸ್ಟ್ ಕ್ಲಾಸು. ಮಿಲ್ಲಿನ ಪಕ್ಕದಲ್ಲಿ ಇಷ್ಟು ಶುದ್ಧ ಗಾಳಿ ಹೆಂಗಯ್ಯಾ?"

ಜಗಲಿಯ ಮೇಲಿದ್ದ ಹೆಂಗಸೊಬ್ಬಳು ಉತ್ತರ ಕೊಟ್ಟಳು: "ಮಿಲ್ಲಲ್ಲಿ ಹೊಗೆ ನಿಂತ್ಮೇಲೆ ನಮ್ಮ ಒಲೆಗಳಲ್ಲೂ ನಿಂತೋಗೈತೆ ಸಾಮಿ. ಇನ್ನೊಂದ್ ತಿಂಗ್ಳು ಬಿಟ್ಟು ಬನ್ನಿ, ಗಾಳಿ ಇನ್ನೂ ಚೆನ್ನಾಗಿರ್ತದೆ."

ಅತ್ತೆಯವರ ಕೈಯಲ್ಲಿ ತೊಗರಿಬೇಳೆಯ ಗಂಟೊಂದು ಸದಾ ಇರುತ್ತಿತ್ತು. ಯಾವ ಏರಿಯಾವಾದರೂ ಅಲ್ಲಿಯ ನೀರಲ್ಲಿ ಬೇಳೆ ಬೇಯಿಸಿ ನೋಡಿಯೇ ತೀರ್ಪು. "ನೆರೆಹೊರೆ ಕೆಟ್ಟದ್ದಾದ್ರೆ ಬಾಗಿಲು ಹಾಕ್ಕೋಬಹುದು. ನೀರು ಕೆಟ್ಟದ್ದಾದ್ರೆ ಏನು ಹಾಕ್ಕೋತೀರಾ?" ಎನ್ನುವರು. ಅವತ್ತು ಅವರು ಬೇಯಿಸಲಿಲ್ಲ. ಗಂಟನ್ನು ಆ ಹೆಂಗಸಿನ ಮಡಿಲಿಗೆ ಹಾಕಿ ಹೊರಟುಬಿಟ್ಟರು.

"ಪರೀಕ್ಷೆ ಮಾಡ್ದೇನೇ ಬೇಳೆ ಕೊಟ್ಬಿಟ್ರಲ್ಲಾ?" ಎಂದರು ಷಡ್ಡಕರು.

"ಇವತ್ತಿಗೆ ನಿಮ್ಮ ಮೂಗಿನ ಪರೀಕ್ಷೆನೇ ಸಾಕಾಯ್ತು" ಎಂದರು ಅತ್ತೆ.

ಎಮ್ಮೆ ಇಲ್ಲದವರು

ಮಾರನೆಯ ದಿನ ಕನಕಪುರ ರಸ್ತೆ ಹಿಡಿದು ಜರಗನಹಳ್ಳಿಗೆ ಹೋದೆವು. ಅಲ್ಲಿಯ ಗೌಡರೊಬ್ಬರು ತಮ್ಮ ಹೊಲದ ಅಂಚಿನಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದರು. "ಇದು ಮುಂದೆ ಭಾರೀ ಏರಿಯಾ ಆಗತ್ತೆ ಭಾವ" ಎಂದು ನಾನು ದಾರಿಯುದ್ದಕ್ಕೂ ಕೊರೆದಿದ್ದೆ. (ಈ ಮಾತು ನಿಜವಾಗಿಬಿಟ್ಟರೆ ನನ್ನ ಹೆಸರೇ ಕೆಡುತ್ತದೆ.)

ನಾವು ಏರಿಯಾಕ್ಕೆ ಮಾರ್ಕ್ಸು ಹಾಕುವ ಮೊದಲೇ ಗೌಡರು ನಮಗೆ ಹಾಕಲು ಶುರುಮಾಡಿದರು.

"ಎಮ್ಮೆ ಗಿಮ್ಮೆ ಎಷ್ಟವೆ?"

"ಎಮ್ಮೆ ಇಲ್ಲ" ಎಂದರು ಷಡ್ಡಕರು.

"ಹಸಾ?"

"ಅದೂ ಇಲ್ಲ."

ಗೌಡರು ನನ್ನನ್ನು ಪಕ್ಕಕ್ಕೆ ಕರೆದು, "ಒಂದು ಎಮ್ಮೆನೂ ಇಲ್ದೆ ಊರು ಬಿಟ್ಟು ಬಂದವ್ರೆ. ಅಲ್ಲೇನಾರಾ ತಕರಾರಾ?" ಎಂದು ಕೇಳಿದರು. ಇಂಥ ಅವಕಾಶವನ್ನು ಸಾಮಾನ್ಯವಾಗಿ ನಾನು ಬಿಡುವವನಲ್ಲ. ಆದರೆ ಮನೆ ಕೈತಪ್ಪೀತೆಂದು, "ಛೆ ಛೆ, ಗೌರವಸ್ಥರು. ಊರಿನ ಚರಂಡಿಯೆಲ್ಲಾ ಇವರೇ ನೋಡ್ಕೋತಿದ್ರು" ಎಂದೆ.

ಗೌಡರು ಷಡ್ಡಕರನ್ನು ಕನಿಕರದಿಂದ ನೋಡಿದರು. "ಹಂಗಾರೆ ಬ್ಯಾಡಿ ಸೋಮಿ. ನಮ್ಮೂರಲ್ಲಿ ಚರಂಡಿನೇ ಇಲ್ಲ. ನಿಮಗೆ ಹೊತ್ತೋಗಕಿಲ್ಲ."

ಕತ್ರಿಗುಪ್ಪೆಯ ನೀರು

ಕತ್ರಿಗುಪ್ಪೆಯ ಮನೆಯನ್ನು ಷಡ್ಡಕರ ಮೂಗು ಪಾಸು ಮಾಡಿತು. ನನ್ನ ಮುಖ ಅರಳಿತು. ಅತ್ತೆಯವರು ಮನೆಯೊಡತಿಯ ಒಲೆಯ ಮೇಲೇ ಬೇಳೆ ಇಟ್ಟು ಎದುರಿಗೆ ಕೂತರು. ಸೌದೆ ಉರಿದು ಕೆಂಡವಾಯಿತು, ಕೆಂಡ ಬೂದಿಯಾಯಿತು. ಬೇಳೆ ಮಾತ್ರ ಅಂಗಡಿಯಿಂದ ಈಗ ತಂದಂತಿತ್ತು.

"ಏನಮ್ಮಾ, ಈ ನೀರಲ್ಲಿ ಹೆಂಗೆ ಸಂಸಾರ ಮಾಡ್ತೀಯಾ?" ಎಂದು ಅತ್ತೆ ಕೇಳಿದರು.

ಮನೆಯೊಡತಿಗೆ ರೇಗಿತು. "ಈ ನೀರಿಗೇನಾಗಿದೆ? ನಾವು ಬಂದಾಗಿಂದ ಒಬ್ಬ ನೆಂಟನೂ ಎರಡನೇ ಊಟಕ್ಕೆ ನಿಂತಿಲ್ಲ!"

ಆ ಮನೆಯನ್ನು ನಾನೇ ಹಿಡಿದುಬಿಡೋಣ ಅನ್ನಿಸಿತು.

ಹಂಡೆಯ ಮುಚ್ಚಳ

ಹೀಗೆ ದಿನಕ್ಕೊಂದು ಏರಿಯಾ ಫೇಲಾಗುತ್ತಾ ಹೋಯಿತು. ಪುಟ್ಟೇನಹಳ್ಳಿಯ ಕೆರೆ ನೋಡಿ ಷಡ್ಡಕರು "ಸೊಳ್ಳೆ" ಎಂದರು. ಬನಶಂಕರಿ ಗುಡಿಯ ಕಡೆ ಹೋಗಿ ಬಂದರೆ, "ದೇವರ ದರ್ಶನಕ್ಕೆ ಬರೋ ನೆಂಟರೆಲ್ಲ ನಮ್ಮನೇಗೇ ಊಟಕ್ಕೆ ಬರ್ತಾರೆ" ಎಂದರು. ಈ ಮಾತನ್ನು ಅವರು ಹೇಳಿದ್ದು ನಮ್ಮ ಮನೆಯಲ್ಲಿ, ಊಟ ಮಾಡುತ್ತಾ. ಇತ್ತ ನನ್ನ ಹೆಂಡತಿ, "ಮನೆ ಸಿಗೋ ತನಕ ಅಕ್ಕನೂ ಮಕ್ಕಳೂ ಇಲ್ಲೇ ಬಂದಿರಲಿ" ಎಂದು ಕಾಗದ ಬರೆಯಲು ಕೂತಳು.

ಅವತ್ತೇ ಅತ್ತೆಯವರು ಸ್ನಾನಕ್ಕೆ ಹೋದರು. ಹೋದ ವೇಗದಲ್ಲೇ ಹೊರಗೆ ಬಂದರು. ಕೈಯಲ್ಲಿ ಬಚ್ಚಲ ಹಂಡೆಯ ಮುಚ್ಚಳ, ಆವಿಯಾಡುತ್ತಿದೆ. ಅದರ ಒಳಮೈಯಲ್ಲಿ ದಪ್ಪ ಟಾರಿನ ಅಕ್ಷರ: ಮನೆ ಬಾಡಿಗೆಗೆ ಇದೆ. ಎದುರು ಮನೆಯ ಬೋರ್ಡು ಅಳತೆಗೆ ಸರಿಯಾಗಿ ಕೂತಿತೆಂದು ನಾನೇ ಮುಚ್ಚಿಟ್ಟಿದ್ದೆ.

ಅತ್ತೆಯವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಏನ್ರೀ, ನಿಮ್ಮ ಬಚ್ಚಲುಮನೇನ ಬಾಡಿಗೆಗೆ ಕೊಟ್ಟಿದ್ದೀರಾ? ಮೊದಲೇ ಹೇಳಿದ್ರೆ ನಾವು ಅಲ್ಲಿಗೇ ಬರ್ತಿದ್ವಲ್ಲಾ!" ಎಂದರು.

ಎದುರು ಮನೆಯ ಬಾವಿ

ಹೆಂಡತಿ ಮೊಳೆಯಲ್ಲಿದ್ದ ಬೀಗದ ಕೈ ತೆಗೆದುಕೊಂಡು ಸೀದಾ ಎದುರು ಮನೆಗೆ ನಡೆದಳು. ಷಡ್ಡಕರು ರಸ್ತೆಯ ಚರಂಡಿ ಮೂಸಿ, "ಆಹಾ, ಮೈಸೂರಲ್ಲೂ ಇಂಥಾದ್ದಿಲ್ಲ" ಎಂದರು. ಚೆನ್ನಾಗಿರದೆ ಏನು? ಆ ಚರಂಡಿಗೆ ನೀರು ಬಿಡಲು ರಸ್ತೆಯಲ್ಲಿ ನಮ್ಮೆರಡು ಬಿಟ್ಟರೆ ಮನೆಗಳೇ ಇರಲಿಲ್ಲ.

ಉಳಿದದ್ದು ಬೇಳೆಯ ಪರೀಕ್ಷೆ ಒಂದೇ. ನಮ್ಮ ಮನೆಗೆ ಕಾರ್ಪೊರೇಷನ್ ನೀರಿನ ನಲ್ಲಿ ಬಂದಿತ್ತು, ಎದುರು ಮನೆಗಿನ್ನೂ ಬಾವಿಯ ನೀರೇ ಗತಿ. "ನೀವು ಕೂತ್ಕೊಳಿ ಅತ್ತೆ, ನೀರು ನಾನು ತರ್ತೀನಿ" ಎಂದು ಕೊಡ ಹಿಡಿದು ಹೊರಟೆ. ಮದುವೆಯಾದಾಗಿನಿಂದ ನಾನು ಕೊಡ ಮುಟ್ಟಿದ್ದು ಅದೇ ಮೊದಲು. ಅಷ್ಟಕ್ಕೇ ಅವರಿಗೆ ಅನುಮಾನ ಬರಬೇಕಿತ್ತು.

ಹುಳಿ ಬಿದ್ದ ನೀರಲ್ಲಿ ಬೇಳೆ ಬೇಯುವುದಿಲ್ಲ. ಅದಕ್ಕೇ ಹೆಂಗಸರು ಬೇಳೆ ಬೆಂದ ಮೇಲೇ ಹುಣಸೆ ಹಾಕುವುದು. ಇಷ್ಟು ಅಡುಗೆ ನನಗೂ ಗೊತ್ತು. ಜೇಬಿನಲ್ಲಿ ಕದ್ದು ತಂದ ಹುಣಸೆಹಣ್ಣನ್ನು ಬಾವಿಕಟ್ಟೆಯ ಮೇಲೆ ಚೆನ್ನಾಗಿ ಕಿವುಚಿ, ಪಂಚೆಯ ತುದಿಯಲ್ಲಿ ಸೋಸಿ, ಕೊಡಕ್ಕೆ ಬೆರೆಸಿದೆ. ಬಣ್ಣ ಕೊಂಚ ಕೆಂಪಗಾಯಿತು. "ಹೊಸಾ ಬಾವಿ ನೋಡಿ, ಕೆಮ್ಮಣ್ಣು" ಎಂದೆ.

ಒಲೆ ಹೊತ್ತಿಸಿದರು. ಷಡ್ಡಕರು ನನ್ನ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಟ್ಟಿಯಾಗಿ ಓದಿ ಮುಗಿಸಿದರು. ಬೇಳೆ ಕಲ್ಲಿನಂತೆ ಕೂತಿತ್ತು. ಹೆಂಡತಿಯ ಕಣ್ಣಲ್ಲಿ ನೀರು. ನಾನು ದನಿಯನ್ನು ಆದಷ್ಟು ಭಾರ ಮಾಡಿ, "ಅಯ್ಯೋ, ಎಂಥಾ ಗಡಸು ನೀರು! ಈ ಏರಿಯಾನೇ ಹಿಂಗೆ ಭಾವ. ನಮ್ಮ ಪಾಡು ನಮಗಿರಲಿ, ನೀವು ಸಿಕ್ಕಿಹಾಕ್ಕೋಬೇಡಿ" ಎಂದೆ.

ಅತ್ತೆಯವರು ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿದರು. ನನ್ನ ಮುಖ ನೋಡಿದರು. ನನ್ನ ಪಂಚೆಯ ತುದಿ ನೋಡಿದರು. ಇನ್ನೊಂದು ಹನಿ ನೆಕ್ಕಿದರು. ಆಮೇಲೆ ಮಗಳಿಗೆ, "ಸ್ವಲ್ಪ ಉಪ್ಪು, ಖಾರದಪುಡಿ ತಾರೇ. ಒಗ್ಗರಣೆ ಹಾಕಿ ನಿನ್ನ ಗಂಡನಿಗೇ ಮೊದಲು ಬಡಿಸು, ಪಾಪ, ನೀರು ಹೊತ್ತಿದ್ದಾರೆ" ಎಂದರು. ಷಡ್ಡಕರ ಕಡೆ ತಿರುಗಿ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ, ಹೀಗೆ ತೀರ್ಪು ಕೊಟ್ಟರು:

"ಈ ಮನೆ ಬಿಡಬೇಡಿ. ಮೈಸೂರಲ್ಲಿ ಸಾರಿಗೆ ಹುಣಸೆಹಣ್ಣು ನಾವೇ ಹಾಕಬೇಕಿತ್ತು. ಇಲ್ಲಿ ಬಾವಿಯಲ್ಲೇ ಹಾಕಿ ಕೊಡ್ತಾರೆ!"